ಎರಡನೇ ಚೀಟಿ

ಶ್ರೀರಾಮಪುರದಲ್ಲಿ ಪುಟ್ಟಗಂಗಮ್ಮನ ಚೀಟಿಗೆ
ಪುಸ್ತಕವೆಂಬುದೇ ಇರಲಿಲ್ಲ.
ಇಪ್ಪತ್ತು ಹೆಂಗಸರು, ತಲೆಗೆ ಎರಡು ಸಾವಿರ,
ಪ್ರತಿ ಐದನೇ ತಾರೀಖು ದೀಪ ಹಚ್ಚಿದ ಮೇಲೆ.
ಯಾರು ಕೊಟ್ಟರು, ಯಾರದು ಬಾಕಿ,
ಸೆಲ್ವಿಯ ಮಗಳ ಬಾಣಂತನಕ್ಕೆ ಮುಂಗಡ ಎಷ್ಟು,
ಜರೀನಾ ಯಾವ ಹಬ್ಬಕ್ಕೆ ಎತ್ತಿದಳು,
ಎಲ್ಲ ಆ ಹರಳೆಣ್ಣೆ ಹಚ್ಚಿದ ತಲೆಯೊಳಗೆ.
ಬೆರಳ ಗೆಣ್ಣು ಮುಟ್ಟುತ್ತ ಒಪ್ಪಿಸುವಳು
ನನ್ನ ಹೊಲಿಗೆ ಮಿಷಿನ್ನಿನ ಕಂತನ್ನೂ.

ಈಚೆಗೆ ಅವಳ ಹೆಜ್ಜೆ ಚಿಕ್ಕದಾಗಿತ್ತು.
ಒದ್ದೆ ಸಾರಣೆಯ ಮೇಲೆ ನಡೆವವಳ ಹಾಗೆ
ಕಾಲು ಎತ್ತದೆ ಜರುಗುತ್ತಿದ್ದಳು.
ಚಪ್ಪಲಿ ಸವೆದಿದೆ ಅಂದುಕೊಂಡೆವು.
ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು,
ನಾವು ಬೇರೆ ಮಾತಿಗೆ ಹೋದ ಮೇಲೆ,
ಓಕಳೀಪುರದ ಸಿಗ್ನಲ್ಲು ದಾಟಿ ಬರುವ ಬಸ್ಸಿನಂತೆ.
ಒಂದು ದಿನ ಒಗ್ಗರಣೆ ಸಿಡಿಸಿ ನಿಂತಿದ್ದಳು,
ಬೇಳೆ ಇನ್ನೂ ಡಬ್ಬದಲ್ಲೇ.
ಬೇಳೆ ಗೊತ್ತು, ಸಾಸಿವೆ ಗೊತ್ತು, ಉಪ್ಪು ಗೊತ್ತು,
ಯಾವುದರ ಹಿಂದೆ ಯಾವುದು
ಅದೊಂದು ಮಾತ್ರ ಕೈಗೆ ಸಿಗಲೊಲ್ಲದು.
ವಯಸ್ಸಾಯ್ತು ಬಿಡು, ಅಂದೆವು.
ಅನ್ನುವುದು ಎಷ್ಟು ಸುಲಭ.

ಆಷಾಢದ ಐದು. ಚೀಟಿಯ ಕೊನೇ ತಿಂಗಳು.
ಉಳಿದಿದ್ದವಳು ಮುನಿರತ್ನಮ್ಮ ಒಬ್ಬಳೇ.
ರಾತ್ರಿ ಎಂಟಕ್ಕೆ ನನ್ನ ಬಾಗಿಲಲ್ಲಿ ಪುಟ್ಟಗಂಗಮ್ಮ,
ಕರ್ಚೀಫಿನ ಗಂಟಿನಲ್ಲಿ ನಲವತ್ತು ಸಾವಿರ:
"ತಗಾ, ಈ ಸಲ ನಿಂದು ಕಣೇ."
ನಾನು ಸಂಕ್ರಾಂತಿಗೇ ಎತ್ತಿದ್ದೆ.
ಆ ದುಡ್ಡಿನ ಜಿಗ್‌ಜಾಗ್ ಮಿಷಿನ್ನು
ಅವಳ ಕಣ್ಣೆದುರೇ ಇತ್ತು.
ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು,
ರವಿಕೆಯ ತೋಳು ಹಿಡಿಸುತ್ತಿದ್ದೆ.
ಮಾತಾಡಲಿಲ್ಲ.
ಪಿನ್ನು ಒಂದು ನೆಪ.

ಹನ್ನೊಂದು ದಿನ.
ಮುನಿರತ್ನಮ್ಮ ನಲ್ಲಿಯ ಹತ್ತಿರ ಕೂಗಿದಳು,
ಕಳ್ಳಿ, ತಿಂದು ತೇಗಿದ್ದೀಯ, ಅಂತ.
ನಾನು ಕಿಟಕಿ ಮುಚ್ಚಿ ಕಾಲಲ್ಲಿ ಪೆಡಲು ತುಳಿದೆ.
ಪುಟ್ಟಗಂಗಮ್ಮ ಹುಣಸೇಬೀಜ ಹರಡಿಕೊಂಡು
ಇಪ್ಪತ್ತು ಗುಂಪು ಮಾಡುವಳು, ಕಲೆಸುವಳು,
ಮತ್ತೆ ಮಾಡುವಳು.
ಕೊನೆಗೆ ಓಲೆ ಬಿಚ್ಚಿ ಗಿರವಿಗಿಟ್ಟು ಬಂದು
ತಂಗಿಗೆ ಹೇಳಿದಳಂತೆ:
"ನಾನೇ ತಿಂದಿರಬೇಕು ಬಿಡು. ಎಲ್ಲಿ ತಿಂದೆ ನೋಡು."

ವಿಕ್ಟೋರಿಯಾ ಆಸ್ಪತ್ರೆಗೆ ಜೊತೆಗೆ ಹೋದೆ. ಯಾಕೆ ಹೋದೆನೋ.
ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು:
"ಇಲ್ಲಿ, ಇಲ್ಲಿ, ಇನ್ನೊಂದು ಇಲ್ಲಿ. ಹಳೇ ಸ್ಟ್ರೋಕುಗಳು.
ಬಾಯಿ ಸೊಟ್ಟ ಆಗಲ್ಲ, ಕೈ ಬೀಳಲ್ಲ,
ಸದ್ದಿಲ್ದೆ ಬಂದು ಹೋಗಿರ್ತವೆ.
ಬಿಪಿ ಮಾತ್ರೆ ದಿನಾ ತಗೋತಿದ್ರಾ?"
ಅವಳು ಆ ಬಿಳಿ ಚುಕ್ಕೆಗಳನ್ನೇ ನೋಡಿ,
ತುಂಬಾ ಹೊತ್ತಿನ ಮೇಲೆ ಕೇಳಿದಳು:
"ಯಾವ ತಾರೀಖು?"
ಮೂವತ್ತು ವರ್ಷ ಚೀಟಿ ನಡೆಸಿದವಳು,
ಹೋದದ್ದಕ್ಕೆ ತಾರೀಖು ಬೇಡವೇ?
ಡಾಕ್ಟರ ಹತ್ತಿರ ಇರಲಿಲ್ಲ.
ನನ್ನ ಹತ್ತಿರ ಒಂದಿತ್ತು.

ಅಂದೇ ರಾತ್ರಿ ಮೂವತ್ತೇಳು ಸಾವಿರ ಮರಳಿಸಿದೆ,
ಮೂರು, ದಾರ ಮತ್ತು ಲೈನಿಂಗಿಗೆ ಹೋಗಿತ್ತು.
ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಹಾಗಾದ್ರೆ ನಾನು ತಿಂದಿಲ್ಲ" ಅಂದಳು,
ಗೆಣ್ಣು ಮುಟ್ಟುತ್ತ, ಇನ್ನೊಂದು ಸಲ ಅಂದಳು.

ಈಗ ಹೊಸ ಚೀಟಿಗೆ ಪುಸ್ತಕವಿದೆ. ನಾನು ಬರೆಯುತ್ತೇನೆ.
ಅವಳು ಪಕ್ಕ ಕೂತು ಹೆಸರು ಕೂಗುತ್ತಾಳೆ,
ಹೆಸರು ಒಂದೂ ತಪ್ಪುವುದಿಲ್ಲ, ಸರದಿ ತಪ್ಪುತ್ತದೆ.
ಬೆಳಗಿನ ಮಾತ್ರೆ ನುಂಗಿದ್ದಕ್ಕೂ ಒಂದು ಗೀಟು.
ಓಲೆ ಇನ್ನೂ ಬಿಡಿಸಿಕೊಂಡಿಲ್ಲ.
ಹಳೇ ಮುಂಗಡದಲ್ಲಿ ಎಂಟು ಸಾವಿರ ಕಮ್ಮಿ ಬೀಳುತ್ತದೆ,
ಯಾರಿಗೆ ಕೊಟ್ಟಳೋ ಅವಳಿಗೆ ನೆನಪಿಲ್ಲ.
ತಗೊಂಡವಳಿಗೆ ಇದ್ದೀತು.

ಐದನೇ ತಾರೀಖು ಬಂದವರ ತುಟಿಗಳನ್ನು
ಒಂದೊಂದಾಗಿ ನೋಡುತ್ತೇನೆ,
ಯಾರು ಕಚ್ಚಿದ್ದಾರೆ ಗುಂಡುಪಿನ್ನು.